ಹಸಿದ ಕೌದಿ

ಬೆಳಗಿನ ಬಿಸಿಲು ಓಡುದಾರಿಯ ತುಂಬ ಹರಡುವ ಹೊತ್ತಿಗೆ ಅಳುಕುಮಾಪಕದ ಮುಂದಿನ ಸಾಲು ಅರ್ಧ ಕರಗಿತ್ತು. ಮೇಜಿನ ಮೇಲೆ ಬೂದುಬಣ್ಣದ, ಕಲ್ಲಿನಂತೆ ನುಣುಪಾದ ಒಂದು ಫಲಕ. ಅದರ ತುದಿಯಲ್ಲಿ ಒಂದು ಪುಟ್ಟ ದೀಪ. ಒಬ್ಬೊಬ್ಬರಾಗಿ ಬಂದು ಫಲಕದ ಮೇಲೆ ಬಲ ಅಂಗೈ ಊರಿ, “ನನ್ನ ಕೆಲಸ ಸರಿಯಾಗಿದೆ” ಎಂದು ಹೇಳಿ ಹೋಗಬೇಕು. ಗಾಲಿಗಳನ್ನು ಜೋಡಿಸಿದವರು ಹೇಳಿದರು, ದೀಪ ಹಸಿರಾಯಿತು. ಇಂಧನದ ಕೊಳವೆಗಳನ್ನು ಬಿಗಿದವರು ಹೇಳಿದರು, ಹಸಿರಾಯಿತು. ದಾರಿ ನೋಡಿಕೊಳ್ಳುವ ಗಣಕವನ್ನು ಸಿದ್ಧಪಡಿಸಿದವರು ಏನನ್ನೋ ಅಗಿಯುತ್ತಲೇ ಹೇಳಿದರು, ಅವರಿಗೂ ಹಸಿರಾಯಿತು. ಗಾಜಿನ ಗೋಡೆಯ ಆಚೆ, ಕಪ್ಪು ಎರೆಭೂಮಿಯ ನಡುವಿನ ಉದ್ದನೆಯ ಓಡುದಾರಿಯ ತುದಿಯಲ್ಲಿ, ತಾಯಿವಿಮಾನದ ಹೊಟ್ಟೆಗೆ ಕಚ್ಚಿಕೊಂಡು ‘ಗೊರವಂಕ’ ಕಾಯುತ್ತಿತ್ತು.

“ಹೊಲಿಗೆಮನಿಯವರು ಬರ್ರಿ” ಎಂದು ಕರೆ ಬಂತು.

ಹೊಲಿಗೆಮನೆಯ ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. ಅವರಿಗೆಲ್ಲ ಹಸಿರಾಯಿತು. ಎಲ್ಲರಿಗಿಂತ ಕೊನೆಯಲ್ಲಿ, ಮುಂದಿನವಳ ಬೆನ್ನ ಹಿಂದೆ ಸರಿದುಕೊಂಡೇ ಬಂದವಳು ನೀಲವ್ವ. ಅವಳು ಅಂಗೈ ಊರಿದಳು. ತುಟಿ ಅಲುಗಿತು, ಮಾತು ಯಾರಿಗೂ ಕೇಳಿಸಲಿಲ್ಲ.

ದೀಪ ಹಳದಿಯಾಯಿತು.

ಅಲ್ಲಿದ್ದವರೆಲ್ಲ ಒಮ್ಮೆಲೇ ಅವಳತ್ತ ನೋಡಿದರು. ಬದುಕಿನಲ್ಲಿ ಅವಳು ಅತ್ಯಂತ ಹೆದರುತ್ತಿದ್ದದ್ದು ಅದಕ್ಕೇ. ಹಳ್ಳಿಯ ಶಾಲೆಯಲ್ಲಿ ಎದ್ದುನಿಂತು ಪಾಠ ಓದು ಎಂದಾಗಲೆಲ್ಲ ಹೀಗೆಯೇ ನಲವತ್ತು ತಲೆಗಳು ತಿರುಗುತ್ತಿದ್ದವು. ಏಳನೆಯ ತರಗತಿಯ ನಂತರ ಅವಳು ಶಾಲೆಗೆ ಹೋಗಲೇ ಇಲ್ಲ. ಹೊಲಿಗೆಮನೆಯಲ್ಲಾದರೆ ಎಲ್ಲರ ಕಣ್ಣೂ ಸೂಜಿಯ ಮೇಲೆ ಇರುತ್ತಿತ್ತು. ಮಾತಾಡು ಎಂದು ಯಾರೂ ಕಾಡುತ್ತಿರಲಿಲ್ಲ. ಈ ಜಗತ್ತಿನಲ್ಲಿ ತನಗೆ ಸರಿಹೊಂದುವ ಒಂದು ಜಾಗ ಇದ್ದರೆ ಅದು ಹೊಲಿಗೆಮನೆಯ ಕಿಟಕಿಯ ಪಕ್ಕದ ಆ ಮೂಲೆ ಎಂದು ಅವಳಿಗೆ ಖಚಿತವಾಗಿತ್ತು.

ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: “ಹಳದಿ. ಹಾರಾಟ ತಡೆಹಿಡಿಯಲಾಗಿದೆ.”

ಹೊರಗೆ ತಾಯಿವಿಮಾನದ ಎಂಜಿನುಗಳು ಒಂದೊಂದಾಗಿ ತಣ್ಣಗಾದವು.

ಗೊರವಂಕ ಒಂದು ಮರುಬಳಕೆಯ ಬಾಹ್ಯಾಕಾಶ ವಾಹನ. ತಾಯಿವಿಮಾನ ಅದನ್ನು ಎತ್ತರಕ್ಕೆ ಹೊತ್ತೊಯ್ದು ಸಮುದ್ರದ ಮೇಲೆ ಬಿಡುತ್ತದೆ. ಅಲ್ಲಿಂದ ಅದು ತನ್ನ ಬೆಂಕಿಯ ಬಲದಲ್ಲಿ ಕಕ್ಷೆಗೆ ಏರಿ, ಹೊತ್ತೊಯ್ದ ಉಪಗ್ರಹವನ್ನು ಅಲ್ಲಿ ಬಿಟ್ಟು, ರೆಕ್ಕೆಯ ಮೇಲೆ ತೇಲಿ ಮುದೇನಕೊಪ್ಪದ ಇಳಿದಾಣಕ್ಕೆ ಮರಳುತ್ತದೆ. ಇಂಥ ವಾಹನಗಳನ್ನು ಮೊದಲು ಕಟ್ಟಿದ ಕಾಲದಲ್ಲಿ, ಮತ್ತೆ ಮತ್ತೆ ಬಳಸಿದರೆ ಖರ್ಚು ತಾನಾಗಿ ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಹಾಗಾಗಲಿಲ್ಲ. ಹೋಗಿ ಬರುವುದಕ್ಕಿಂತ, ಹೋಗಿ ಬಂದದ್ದನ್ನು ಮತ್ತೆ ನಂಬುವುದು ದುಬಾರಿಯಾಯಿತು. ಪ್ರತಿ ಸಲ ವಾಹನವನ್ನು ಕಳಚಿ, ತಿರುಪು ತಿರುಪನ್ನೂ ನೋಡಿ, ಮತ್ತೆ ಜೋಡಿಸಲು ತಿಂಗಳುಗಳೇ ಬೇಕಾಗುತ್ತಿದ್ದವು. ಅಷ್ಟಾದರೂ ಒಂದು ವಾಹನ ಆಕಾಶದಲ್ಲೇ ಒಡೆದುಹೋಯಿತು. ಒಂದು ಕವಾಟದ ಬಗ್ಗೆ ಅದನ್ನು ಕೂರಿಸಿದವನಿಗೆ ಮೊದಲಿನಿಂದಲೂ ಒಳಗೊಳಗೇ ಅನುಮಾನವಿತ್ತು, ಮೇಲಿನವರ ಮುಂದೆ ಬಾಯಿ ಬಿಡಲು ಅಳುಕಿದ್ದ ಎಂಬುದು ವಿಚಾರಣೆಯಲ್ಲಿ ತಿಳಿಯಿತು.

ಆ ವಿಚಾರಣೆಯ ಸಮಿತಿಯಲ್ಲಿ ಕೂತಿದ್ದವರು ಡಾ. ಇಂದುಧರ. ಹಾಸನದ ಕಡೆಯವರು, ಮೆದು ಮಾತಿನವರು. ಲೋಹದ ದಣಿವನ್ನು ಅಳೆಯುವ ಉಪಕರಣಗಳು ಬೇಕಾದಷ್ಟಿವೆ, ಮನುಷ್ಯ ನುಂಗಿಕೊಂಡ ಮಾತನ್ನು ಅಳೆಯುವ ಒಂದೂ ಇಲ್ಲವಲ್ಲ ಎಂಬ ಯೋಚನೆ ಅವರಿಗೆ ಹೊಳೆದದ್ದು ಆಗಲೇ. ಎಂಟು ವರ್ಷಗಳ ದುಡಿಮೆಯಿಂದ ಅಳುಕುಮಾಪಕ ತಯಾರಾಯಿತು. ಅಂಗೈಯ ಬೆವರು, ನಾಡಿಯ ಬಡಿತ, ಬೆರಳುಗಳ ಕಣ್ಣಿಗೆ ಕಾಣದ ನಡುಕ, ಇವನ್ನೆಲ್ಲ ಅದು ಆ ವ್ಯಕ್ತಿಯ ದಿನನಿತ್ಯದ ಸ್ಥಿತಿಯ ಜೊತೆ ಹೋಲಿಸಿ ನೋಡುತ್ತದೆ. ಎಲ್ಲೆಲ್ಲಿ ಹಳದಿಯೋ ಅಲ್ಲಲ್ಲಿ ಮಾತ್ರ ಕಳಚಿ ನೋಡಿದರೆ ಸಾಕು. ಅಂದಿನಿಂದ ಎರಡು ಹಾರಾಟಗಳ ನಡುವಿನ ಕಾಲ ಕೆಲವೇ ವಾರಗಳಿಗೆ ಇಳಿದಿತ್ತು, ಖರ್ಚೂ ಅದಕ್ಕೆ ತಕ್ಕಂತೆ ಇಳಿದಿತ್ತು.

ಹೊಲಿಗೆಮನೆಗೆ ಅದನ್ನು ಮೊದಲ ಸಲ ತಂದಾಗ ಇಂದುಧರರು ಎಲ್ಲರನ್ನೂ ಕೂರಿಸಿ ವಿವರಿಸಿದ್ದರು.

“ಇದು ಸುಳ್ಳು ಹಿಡಿಯೋ ಯಂತ್ರ ಅಲ್ಲಮ್ಮ. ಭಯ ಬೇಡ.”

“ಮತ್ತೇನು ಹಿಡಿತೈತ್ರೀ ಸಾಹೇಬ್ರ?” ಎಂದು ಕೇಳಿದವಳು ಹೊಲಿಗೆಮನೆಯ ಹಿರಿಯಳಾದ ಸಂಕವ್ವ.

“ಅಳುಕು. ಮನಸ್ಸಿನಲ್ಲಿ ಏನೋ ಒಂದು ಚುಚ್ಚುತಾ ಇರುತ್ತಲ್ಲ, ಅದು.”

“ಹಂಗಾರ ನಮ್ಮ ನೀಲಿ ಕೈ ಇಟ್ಲಂದ್ರ ನಿಮ್ಮ ಮಷಿನ್ ಹೊಗಿ ಬಿಡತೈತಿ ನೋಡ್ರಿ. ಆಕಿ ನೆಳ್ಳಿಗೂ ಅಳಕತಾಳ.”

ಹೆಂಗಸರೆಲ್ಲ ನಕ್ಕರು. ನೀಲವ್ವನೂ ತಲೆ ತಗ್ಗಿಸಿಕೊಂಡೇ ನಕ್ಕಳು.

“ಇಲ್ಲಮ್ಮ, ಅವರು ದಿನಾ ಎಷ್ಟು ಅಳುಕ್ತಾರೋ ಅದನ್ನ ಇದು ಮೊದಲೇ ತಿಳ್ಕೊಂಡಿರುತ್ತೆ. ಅದಕ್ಕಿಂತ ಜಾಸ್ತಿ ಆದ್ರೆ ಮಾತ್ರ ಹಳದಿ. ಹಳದಿ ಬಂದವರನ್ನ ಯಾರೂ ಬೈಯೋ ಹಾಗಿಲ್ಲ, ಕೆಲಸದಿಂದ ತೆಗೆಯೋ ಹಾಗಿಲ್ಲ. ಕೇಳಬೇಕು, ಅಷ್ಟೆ. ಅದೇ ನಿಯಮ.”

ಹೊಲಿಗೆಮನೆಗೂ ಬಾಹ್ಯಾಕಾಶಕ್ಕೂ ಏನು ಸಂಬಂಧ ಎಂದು ಹೊಸಬರು ಕೇಳುವುದುಂಟು. ಗೊರವಂಕ ಮರಳುವಾಗ ಗಾಳಿಯ ಉಜ್ಜಾಟಕ್ಕೆ ಅದರ ಮೈ ಕೆಂಡದಂತೆ ಕಾಯುತ್ತದೆ. ಅತಿ ಹೆಚ್ಚು ಕಾಯುವ ಹೊಟ್ಟೆಯ ಭಾಗಕ್ಕೆ ಗಟ್ಟಿಯಾದ ಶಾಖಬಿಲ್ಲೆಗಳನ್ನು ಅಂಟಿಸುತ್ತಾರೆ. ಭುಜ, ಬೆನ್ನು, ಪಕ್ಕೆಗಳಿಗೆ ತಾಪಕೌದಿಗಳನ್ನು ಹೊದಿಸುತ್ತಾರೆ. ಗಾಜಿನ ನೂಲಿನ ಎರಡು ಬಟ್ಟೆಗಳ ನಡುವೆ ಗಾಜಿನ ಎಳೆಗಳ ಬಿಳಿ ಅರಳೆ ತುಂಬಿ, ಗಾಜಿನ ದಾರದಿಂದಲೇ ಹೊಲಿದ ಹೊದಿಕೆ ಅದು. ವಾಹನದ ಬಾಗುಬಳುಕಿಗೆ ತಕ್ಕಂತೆ ಹೊಲಿಗೆ ಹಾಕುವುದು ಯಂತ್ರಗಳಿಗೆ ಸುಲಭವಾಗಿರಲಿಲ್ಲ. ತಲೆಮಾರುಗಳಿಂದ ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದ ಸುತ್ತಲಿನ ಹಳ್ಳಿಗಳ ಹೆಂಗಸರ ಕೈಗೆ ಅದು ಒಂದೇ ವಾರದಲ್ಲಿ ಒಗ್ಗಿತ್ತು.

ಆದರೆ ಮೊದಲಿನಿಂದಲೂ ಒಂದು ತೊಂದರೆ ಕಾಡುತ್ತಿತ್ತು. ಹಾರಾಟ ಮುಗಿಸಿ ಬಂದ ಕೌದಿಗಳಲ್ಲಿ ಕೆಲವುಗಳ ಮೂಲೆಯಲ್ಲಿ ಸಣ್ಣದೊಂದು ಗುಳ್ಳೆ ಏಳುತ್ತಿತ್ತು. ಗುಳ್ಳೆ ಚಿಕ್ಕದಾದರೂ ಅಪಾಯ ಚಿಕ್ಕದಲ್ಲ. ನುಣುಪಾದ ಮೈಯ ಮೇಲೆ ಸರಾಗವಾಗಿ ಹರಿಯುವ ಗಾಳಿ ಗುಳ್ಳೆಗೆ ತಾಗಿ ಸುಳಿಯಾಗುತ್ತದೆ, ಸುಳಿಯ ಹಿಂದಿನ ಭಾಗ ವಿಪರೀತ ಕಾಯುತ್ತದೆ. ಒಮ್ಮೆ ಬಟ್ಟೆ ಸುಟ್ಟೇ ಹೋಗಿತ್ತು. ಮುಂದೆ ಗೊರವಂಕದಲ್ಲಿ ಮನುಷ್ಯರನ್ನು ಕಳಿಸಬೇಕೆಂದಿದ್ದವರು ಈ ಗುಳ್ಳೆಯ ಕಾರಣ ತಿಳಿಯುವ ತನಕ ಬೇಡ ಎಂದು ಕೈ ಹಿಂದೆಗೆದರು. ಕೈಹೊಲಿಗೆಯ ಬಿಗಿತ ಒಂದೇ ಸಮ ಇಲ್ಲದಿರುವುದೇ ಕಾರಣವಿರಬಹುದು ಎಂದು ತಜ್ಞರ ವರದಿ ಬಂತು. ಇಳಿದಾಣದ ನಿರ್ದೇಶಕಿ ಕಸ್ತೂರಿ ಪಾಟೀಲ ಹೊಲಿಗೆಮನೆಗೆ ಬಂದು, ನಿಂತುಕೊಂಡೇ ಮಾತಾಡಿದ್ದರು.

“ಈ ಹಾರಾಟ ಒಂದು ನೋಡ್ತೀವಿ. ಮತ್ತ ಗುಳ್ಳಿ ಬಂದರ ಹೊಲಿಗಿಯಂತ್ರ ತರಿಸೋದ. ಹೊಲಿಗೆಮನಿ ಮುಚ್ಚಬೇಕಾಗ್ತದ. ನನ್ನ ಕೈಯಾಗ ಇಲ್ಲ.”

ಅವರು ಹೋದ ಮೇಲೆ ಹೆಂಗಸರು ಮತ್ತೆ ಸೂಜಿ ಹಿಡಿದರು. ನೀಲವ್ವ ತನ್ನ ಮೂಲೆಯಿಂದ ಎಲ್ಲರ ಮುಖ ನೋಡಿದಳು. ಇಲ್ಲಿಂದ ಹೊರಬಿದ್ದರೆ ತಾನು ಎಲ್ಲಿ ಹೋಗಿ ಕೂರುವುದು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಈಗ ಹಳದಿ ದೀಪ ಹೊತ್ತಿಸಿದವಳು ಅವಳೇ.

ಕೇಳುಕೋಣೆ ಎಂದರೆ ಎರಡು ಬೆತ್ತದ ಕುರ್ಚಿ, ಒಂದು ನೀರಿನ ಹೂಜಿ, ಓಡುದಾರಿಯ ಕಡೆಗೊಂದು ಕಿಟಕಿ. ಇಂದುಧರರು ಅವಳಿಗೆ ನೀರು ಕೊಟ್ಟು ಎದುರಿಗೆ ಕೂತರು.

“ನಿಧಾನವಾಗಿ ಹೇಳಮ್ಮ. ದಾರ ಎಲ್ಲಾದ್ರೂ ತುಂಡಾಗಿತ್ತಾ?”

ನೀಲವ್ವ ತಲೆ ಅಲ್ಲಾಡಿಸಿದಳು. ಇಲ್ಲ.

“ಸೂಜಿ ಮುರಿದು ಒಳಗೆ ಉಳಿಯಿತಾ?”

ಇಲ್ಲ.

“ಅರಳೆ ಕಡಿಮೆ ಬಿತ್ತಾ?”

ಇಲ್ಲ.

“ಮನೇಲಿ ಏನಾದ್ರೂ ತೊಂದರೆನಾ? ಅದಾದ್ರೂ ಪರವಾಗಿಲ್ಲ. ಹೇಳಿಬಿಟ್ರೆ ಗೊರವಂಕಕ್ಕೆ ಸಂಬಂಧ ಇಲ್ಲ ಅಂತ ಬರೆದುಬಿಡ್ತೀನಿ.”

ಅವಳು ಲೋಟದ ಅಂಚನ್ನೇ ನೋಡುತ್ತಿದ್ದಳು. ಹೇಳಿದರೆ ಸಂಕವ್ವನ ಹೆಸರು ಬರುತ್ತದೆ, ಎಲ್ಲರ ಹೆಸರೂ ಬರುತ್ತದೆ, ಹೊಲಿಗೆಮನೆ ಇವತ್ತೇ ಮುಚ್ಚುತ್ತದೆ. ಹೇಳದಿದ್ದರೆ ತಾನು ಹೊಲಿದ ಎಡಭುಜದ ಕೌದಿ ಹಾಗೆಯೇ ಮೇಲೆ ಹೋಗುತ್ತದೆ. ಅದಕ್ಕೆ ಏನಾದರೂ ಆದರೆ?

ಬಾಗಿಲು ತೆರೆದು ಕಸ್ತೂರಿ ಪಾಟೀಲರು ಇಣುಕಿದರು. “ಏನಾತ್ರೀ ಡಾಕ್ಟ್ರ? ಗಾಳಿ ತಿರುಗಿದರ ಇವತ್ತ ಬಿಡಾಕ ಆಗಂಗಿಲ್ಲ.”

“ಸ್ವಲ್ಪ ತಡೀರಿ ಮೇಡಂ.”

“ನಾ ತಡೀತೀನ್ರೀ, ಗಾಳಿ ತಡೀಬೇಕಲ್ಲ.” ಬಾಗಿಲು ಮುಚ್ಚಿತು.

ಇಂದುಧರರು ಮತ್ತೇನೂ ಕೇಳಲಿಲ್ಲ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ಅವಳ ಮುಖ ನೋಡುವುದನ್ನು ಬಿಟ್ಟು, ಹೊರಗಿನ ಎರೆಹೊಲಗಳನ್ನು ನೋಡುತ್ತ ಕೂತರು. ಯಾರೂ ನೋಡದಿರುವಾಗ ಮಾತು ಸ್ವಲ್ಪ ಹಗುರಾಗುತ್ತದೆ. ಬಹಳ ಹೊತ್ತಿನ ಮೇಲೆ ಅವರ ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು.

“ಅದರ ಹೊಟ್ಟಿ ಖಾಲಿ ಐತ್ರಿ.”

“ಯಾವುದರದಮ್ಮ?”

“ನನ್ನ ಕೌದೀದು. ಹಸ್ಕೊಂಡ ಐತ್ರಿ ಅದು.”

ಇಂದುಧರರಿಗೆ ತಲೆಬುಡ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಿದರು. ಅವಳು ಅದನ್ನೇ ಇನ್ನೂ ಸಣ್ಣ ದನಿಯಲ್ಲಿ ಹೇಳಿದಳು. ಅವರು ಹೊರಗೆ ಬಂದು ನಿರ್ದೇಶಕಿಗೆ ಹೇಳಿದರು: “ಮೇಡಂ, ಕೌದಿಗೆ ಹಸಿವಾಗಿದೆಯಂತೆ. ನನಗೇನೂ ಅರ್ಥ ಆಗ್ತಿಲ್ಲ. ಇದು ನಿಮ್ಮ ಕಡೆಯ ಮಾತಿನ ರೀತೀನಾ?”

ಕಸ್ತೂರಿ ಪಾಟೀಲರ ಕೈಯಲ್ಲಿದ್ದ ಚಹಾದ ಕಪ್ಪು ತುಟಿಯ ಹತ್ತಿರವೇ ನಿಂತಿತು. ಅವರು ವಿಜಾಪುರದ ಸೀಮೆಯ ಒಂದು ಹಳ್ಳಿಯವರು. ತಮ್ಮ ಅಜ್ಜಿ ಹೊಲಿದ ಕೌದಿಯಲ್ಲೇ ಮಲಗಿ ಬೆಳೆದವರು. ಕೌದಿ ಹೊಲಿಯುವವರು ಕೊನೆಯ ಮೂಲೆ ಮುಚ್ಚುವ ಮೊದಲು ನಾಲ್ಕು ಕಾಳನ್ನೋ ಒಂದು ಚೂರು ರೊಟ್ಟಿಯನ್ನೋ ಒಳಗಿಡುತ್ತಾರೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ, ಹಸಿದ ಕೌದಿ ಹೊದ್ದು ಮಲಗಿದವರಿಗೆ ನೆಮ್ಮದಿಯಿಲ್ಲ ಎಂಬುದು ಅಲ್ಲಿನ ನಂಬಿಕೆ. ಅಜ್ಜಿ ಕಾಳು ಹಾಕುವುದನ್ನು ಅವರು ಎಷ್ಟೋ ಸಲ ಪಕ್ಕದಲ್ಲೇ ಕೂತು ನೋಡಿದ್ದರು. ಆದರೆ ಗಾಜಿನ ಬಟ್ಟೆಯ ತಾಪಕೌದಿಯೊಳಗೆ?

ಅವರು ಕೇಳುಕೋಣೆಗೆ ನುಗ್ಗಿ ನೀಲವ್ವನ ಎದುರು ಕುಕ್ಕರಗಾಲಿನಲ್ಲಿ ಕೂತರು.

“ತಂಗಿ, ನಿನ್ನ ಕೌದಿ ಹೊಟ್ಟಿ ಖಾಲಿ ಐತಿ ಅಂದಿ. ಕಾಳು ಹಾಕಲಿಲ್ಲ?”

“ಇಲ್ರಿ. ಕಾಳಿನ ಚೀಲ ಸಂಕವ್ವನ ಕಡೆ ಇರತೈತ್ರಿ. ನಾ ಮೂಲಿ ಮುಚ್ಚೂವಾಗ ಆಕಿ ಮಗಳ ಬಾಣಂತನಕ ಹೋಗಿಬಿಟ್ಟಿದ್ಲು. ಮತ್ತೊಬ್ರನ್ನ ಕೇಳಾಕ...” ಅವಳು ನಿಲ್ಲಿಸಿದಳು.

“ಕೇಳಾಕ ನಾಚಿಕಿ ಬಂತು.”

“ಹೂನ್ರಿ.”

“ಸರಿ. ಹಂಗಾರ ಉಳಿದವು?”

ನೀಲವ್ವನ ಕಣ್ಣಲ್ಲಿ ನೀರು ಬಂತು. “ಅವೆಲ್ಲ ತುಂಬ್ಯಾವ್ರಿ” ಎಂದಳು, ಅವರಿಗೆ ಧೈರ್ಯ ಹೇಳುವವಳಂತೆ.

ಆ ಮಧ್ಯಾಹ್ನ ಗೊರವಂಕವನ್ನು ತಾಯಿವಿಮಾನದಿಂದ ಇಳಿಸಲಾಯಿತು. ಹಿಂದಿನ ಹಾರಾಟಗಳಲ್ಲಿ ಗುಳ್ಳೆ ಎದ್ದ ಕೌದಿಗಳನ್ನು ಉಗ್ರಾಣದಲ್ಲಿ ಮೊಹರು ಹಾಕಿ ಇಟ್ಟಿದ್ದರು. ತಜ್ಞರು ಅವುಗಳ ನೂರಾರು ಚಿತ್ರ ತೆಗೆದಿದ್ದರು, ದಾರದ ಬಿಗಿತ ಅಳೆದಿದ್ದರು, ಗಣಕದಲ್ಲಿ ಮಾದರಿ ಕಟ್ಟಿ ತಿಂಗಳುಗಟ್ಟಲೆ ಓಡಿಸಿದ್ದರು. ಕತ್ತರಿಸಿದರೆ ಹೊಲಿಗೆಯ ಸಾಕ್ಷ್ಯ ಹಾಳಾಗುತ್ತದೆ ಎಂಬ ಕಾರಣಕ್ಕೆ ಒಂದನ್ನೂ ಕತ್ತರಿಸಿ ನೋಡಿರಲಿಲ್ಲ. ಕಸ್ತೂರಿ ಪಾಟೀಲರು ತಾವೇ ಕತ್ತರಿ ಹಿಡಿದು ಒಂದು ಮೂಲೆ ಬಿಡಿಸಿದರು. ಬಿಳಿ ಅರಳೆಯ ಜೊತೆ ಬೆರೆತು, ಅರಳೆಯಷ್ಟೇ ಬೆಳ್ಳಗೆ, ಹಗುರಾಗಿ, ಏನೋ ಒಂದು ಉದುರಿ ಮೇಜಿನ ಮೇಲೆ ಉರುಳಿತು.

ಇಂದುಧರರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಇದೇನಿದು?”

“ಜೋಳದ ಅಳ್ಳು” ಎಂದರು ಕಸ್ತೂರಿ ಪಾಟೀಲರು. “ಪಂಚಮಿಗೆ ಬೆಲ್ಲ ಕೂಡಿಸಿಕೊಂಡು ತಿಂತೀವಲ್ರೀ, ಅದ.”

ಬಿಸಿ ಬಾಣಲೆಯಲ್ಲಿ ಆಗುವುದೇ ಅಲ್ಲೂ ಆಗಿತ್ತು. ಕಾಳಿನ ಒಳಗಿನ ನೀರಿನಂಶ ಆವಿಯಾಗಿ ಸಿಪ್ಪೆ ಒಡೆದು ಕಾಳು ಅರಳುತ್ತದೆ, ಹಲವು ಪಟ್ಟು ದೊಡ್ಡದಾಗುತ್ತದೆ. ಗೊರವಂಕ ಮರಳುವಾಗ ಭುಜದ ಕೌದಿಗಳ ಒಳಮೈ ಸರಿಯಾಗಿ ಆ ಬಿಸಿಗೆ ಬರುತ್ತಿತ್ತು. ಹೆಚ್ಚು ಕಾಯದ ಬೆನ್ನಿನ ಕೌದಿಗಳಲ್ಲಿ ಕಾಳು ಕಾಳಾಗಿಯೇ ಉಳಿದಿತ್ತು, ಅದಕ್ಕೇ ಎಲ್ಲದರಲ್ಲೂ ಗುಳ್ಳೆ ಇರಲಿಲ್ಲ. ತೂಕ ಹಾಕುವಾಗ ನಾಲ್ಕು ಕಾಳಿನ ತೂಕ ದಾರದ ತೂಕದ ಹೆಚ್ಚುಕಡಿಮೆಯಲ್ಲಿ ಮುಚ್ಚಿಹೋಗುತ್ತಿತ್ತು.

ಕಸ್ತೂರಿ ಪಾಟೀಲರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ನಕ್ಕು ಮುಗಿದ ಮೇಲೆ ಮತ್ತೆ ಸಿಟ್ಟು ಬಂತು. ಇಂದುಧರರು ಮಾತ್ರ ನಗಲಿಲ್ಲ. ಅವರು ಆ ಅಳ್ಳನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಟ್ಟಿದ್ದರು.

“ತಪ್ಪು ಮಾಡಿದವರೆಲ್ಲರಿಗೂ ಹಸಿರು ತೋರಿಸಿದೆ ಮೇಡಂ ನನ್ನ ಯಂತ್ರ. ಇಷ್ಟು ವರ್ಷ. ಸರಿಯಾಗಿ ಮಾಡಿದವಳು ಒಬ್ಬಳೇ, ಅವಳಿಗೆ ಹಳದಿ.”

“ಅವರಿಗೆ ಅದು ತಪ್ಪು ಅಂತ ಅನ್ನಿಸಿರಲೇ ಇಲ್ಲಲ್ರೀ. ಕಾಳು ಹಾಕಿದವರ ಮನಸ್ಸು ತಣ್ಣಗಿತ್ತು.”

“ಅದೇ. ಇದು ತಪ್ಪನ್ನ ಅಳೆಯಲ್ಲ, ನೆಮ್ಮದಿಯನ್ನ ಅಳೆಯುತ್ತೆ. ಎರಡೂ ಒಂದೇ ಅಂದ್ಕೊಂಡಿದ್ದೆ ನಾನು.”

ಸಂಕವ್ವನಿಗೆ ಹೇಳಿಕಳಿಸಿದರು. ಮಗಳ ಊರಿನಿಂದ ಬಸ್ಸು ಹಿಡಿದು, ಕೈಯಲ್ಲಿ ಬಾಣಂತಿಯ ಅಂಟಿನುಂಡೆಯ ಡಬ್ಬಿ ಹಿಡಿದು ಅವಳು ಬಂದಳು. ನಿರ್ದೇಶಕಿಯ ಕೋಣೆಯಲ್ಲಿ ಗೋಡೆಗೆ ಒರಗಿ ನೀಲವ್ವ ನಿಂತಿದ್ದಳು. ತನ್ನಿಂದಲೇ ಎಲ್ಲ ಆಯಿತು ಎಂದು ಅವಳಿಗೆ ಕೂರಲೂ ಆಗಿರಲಿಲ್ಲ. ಸಂಕವ್ವ ಒಳಗೆ ಬಂದವಳೇ ಮೊದಲು ಅವಳನ್ನು ನೋಡಿದಳು.

“ಏನಲೇ ನೀಲಿ, ಒಂದ ಹಿಡಿ ಕಾಳು ಕೇಳಾಕ ನಿನಗ ಬಾಯಿ ಇರಲಿಲ್ಲ, ಸಾಹೇಬ್ರ ಮುಂದ ಎಲ್ಲಾ ಹೇಳಾಕ ಹೆಂಗ ಬಂತ ಬೇ ಬಾಯಿ?”

“ಆಕೀನ ಬೈಬ್ಯಾಡ ಸಂಕವ್ವ” ಎಂದರು ಕಸ್ತೂರಿ ಪಾಟೀಲರು. “ಆಕಿ ಹೇಳಿದ್ದಕ್ಕ ಹೊಲಿಗೆಮನಿ ಉಳಿತು. ಗುಳ್ಳಿ ಬಂದದ್ದು ನಿಮ್ಮ ಹೊಲಿಗೀಲಿಂದ ಅಲ್ಲ ಅಂತ ಈಗ ಗೊತ್ತಾತು. ಕೈ ಚಲೋ ಐತಿ. ಕಾಳು ಬ್ಯಾಡ, ಅಷ್ಟ.”

ಸಂಕವ್ವ ಸೊಂಟದ ಕಾಳಿನ ಚೀಲದ ಮೇಲೆ ಕೈ ಇಟ್ಟುಕೊಂಡಳು. “ಅಷ್ಟ ಅಂತೀರಿ ನೀವು. ಅಷ್ಟು ದೂರ ಹೋಗಿ ಬರೋ ಜೀವ ಅದು. ಉಪಾಸ ಕಳಿಸೂದು ಹೆಂಗ್ರಿ?”

“ಅದು ಜೀವ ಅಲ್ಲ, ಯಂತ್ರ.”

“ನಾ ಹೊಚ್ಚಿದ್ದು ಕೌದಿ ರೀ. ಅದರ ಕೆಳಗ ಯಂತ್ರಾರ ಇರಲಿ, ಕೂಸಾರ ಇರಲಿ.”

ಇಂದುಧರರು ನಿಧಾನವಾಗಿ ಎಲ್ಲವನ್ನೂ ವಿವರಿಸಿದರು. ಸುಳಿಗಾಳಿ, ಸುಟ್ಟ ಬಟ್ಟೆ, ಮುಂದೆ ಒಳಗೆ ಕೂರಲಿರುವ ಮನುಷ್ಯರು. ಸಂಕವ್ವ ಕೇಳಿದಳು, ಅರಳಿದ ಕಾಳನ್ನು ಮುಟ್ಟಿ ನೋಡಿದಳು, ಮುಖ ಸಣ್ಣದು ಮಾಡಿಕೊಂಡಳು. ಆಮೇಲೆ ಚೀಲ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಎಲ್ಲ ಕೌದಿಗಳನ್ನೂ ಬಿಚ್ಚಿ, ಕಾಳು ತೆಗೆದು, ಮತ್ತೆ ಹೊಲಿಯುವುದೆಂದು ತೀರ್ಮಾನವಾಯಿತು.

ಹೊಲಿದರು. ಈ ಸಲ ಒಂದು ಕಾಳೂ ಇರಲಿಲ್ಲ. ಹಾರಾಟದ ದಿನ ಮತ್ತೆ ಸಾಲು ನಿಂತಿತು. ಹೊಲಿಗೆಮನೆಯ ಮೊದಲನೆಯವಳು ಕೈ ಊರಿದಳು. ಹಳದಿ. ಎರಡನೆಯವಳು ಊರಿದಳು. ಹಳದಿ. ಸಂಕವ್ವ ಸೆರಗು ಬಿಗಿದು, ದೇವರನ್ನು ನೆನೆದು, ಫಲಕವನ್ನು ಒತ್ತಿಯೇ ಹಿಡಿದಳು. ಹಳದಿ. ಒಬ್ಬರಿಗೂ ಹಸಿರಾಗಲಿಲ್ಲ.

“ನೀವು ಹೇಳಿದ್ದು ತಲಿಗೆ ತಿಳದೈತ್ರಿ ಸಾಹೇಬ್ರ” ಎಂದಳು ಸಂಕವ್ವ, ನಿಜಕ್ಕೂ ನಾಚಿಕೊಂಡು. “ಕೈ ಕೇಳವಲ್ದು.”

ಇದನ್ನು ಯಾರೂ ಮುಂಗಂಡಿರಲಿಲ್ಲ. ಗೊರವಂಕ ಹಿಂದೆಂದಿಗಿಂತ ಸುರಕ್ಷಿತವಾಗಿತ್ತು. ಯಂತ್ರದ ಲೆಕ್ಕದಲ್ಲಿ ಮಾತ್ರ ಹಿಂದೆಂದಿಗಿಂತ ಅಪಾಯದಲ್ಲಿತ್ತು. ಹಳದಿ ಇದ್ದರೆ ಹಾರುವಂತಿಲ್ಲ. ಹೊಲಿಗೆಮನೆಗಷ್ಟೇ ಫಲಕವನ್ನು ಬಿಟ್ಟುಬಿಡೋಣ ಎಂದು ಒಬ್ಬರು ಸೂಚಿಸಿದರು. ಇಂದುಧರರು ಒಪ್ಪಲಿಲ್ಲ. ಇವತ್ತು ಇವರಿಗೆ ಬಿಟ್ಟರೆ ನಾಳೆ ಇನ್ನೊಬ್ಬರಿಗೆ ಬಿಡಬೇಕಾಗುತ್ತದೆ, ಕವಾಟದವನ ಕಥೆ ಮತ್ತೆ ಶುರುವಾಗುತ್ತದೆ ಎಂದರು. ಹಾಗಾದರೆ ಯಂತ್ರಹೊಲಿಗೆಯೇ ಗತಿ ಎಂಬ ಮಾತು ಮತ್ತೆ ತಲೆ ಎತ್ತಿತು. ಯಂತ್ರಕ್ಕೆ ಅಂಗೈ ಇಲ್ಲ, ಅಳುಕೂ ಇಲ್ಲ.

ಕಸ್ತೂರಿ ಪಾಟೀಲರು ಹೊಲಿಗೆಮನೆಗೆ ಬಂದರು. ಈ ಸಲ ನಿಂತು ಮಾತಾಡಲಿಲ್ಲ, ಚಾಪೆಯ ಮೇಲೆ ಕೂತರು. ಏನಾದರೂ ದಾರಿ ಇದ್ದರೆ ಹೇಳ್ರಿ ಎಂದರು. ನೀಲವ್ವ ಕಿಟಕಿಯ ಪಕ್ಕದಲ್ಲಿ ಕೂತು ಎಲ್ಲರ ಕೈಗಳನ್ನು ನೋಡುತ್ತಿದ್ದಳು. ಕೆಲಸವಿಲ್ಲದ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಹೊಲಿಗೆಮನೆ ಮುಚ್ಚಿದರೆ ಇವು ಹೀಗೇ ಇರುತ್ತವೆ. ಅವಳಿಗೆ ಎದೆ ಹೊಡೆದುಕೊಳ್ಳತೊಡಗಿತು. ಫಲಕವೇನಾದರೂ ಕೈಯ ಕೆಳಗಿದ್ದರೆ ಹಳದಿಗಿಂತ ಆಚೆಯ ಬಣ್ಣ ಬರುತ್ತಿತ್ತೇನೋ.

“ಒಳಗ ಹಾಕೂದ ಬ್ಯಾಡ್ರಿ” ಎಂದಳು.

ಯಾರು ಮಾತಾಡಿದ್ದು ಎಂದು ಎಲ್ಲರೂ ಸುತ್ತ ನೋಡಿದರು.

“ಹೊರಗ ಉಣ್ಣಿಸೂನ್ರಿ. ಮೂಲಿ ಮುಚ್ಚೂಕಿಂತ ಮೊದಲ ಕೌದಿ ಮುಂದ ಎಡಿ ಇಟ್ಟು... ಅದರ ಕೂಡ ನಾವೂ ಉಂಡು... ಆಮ್ಯಾಲೆ ಮುಚ್ಚೂನು.”

ಅಷ್ಟು ಹೇಳುವಷ್ಟರಲ್ಲಿ ಅವಳ ಕಿವಿಗಳು ಕೆಂಪಾಗಿದ್ದವು.

ಸಂಕವ್ವ ಯೋಚಿಸಿದಳು. ಅವಳು ಈ ವಿಷಯದಲ್ಲಿ ಸುಲಭಕ್ಕೆ ಒಪ್ಪುವವಳಲ್ಲ. “ನಾವಷ್ಟ ಉಂಡರ ಆಗಂಗಿಲ್ಲ” ಎಂದಳು ಕೊನೆಗೆ. “ಅದರ ಮೈ ಮುಟ್ಟಿದವರು ಎಲ್ಲಾರೂ ಉಣಬೇಕು. ಗಾಲಿಯವರು, ಕೊಳವಿಯವರು, ನೀವೂ. ಒಬ್ಬರು ಹಸ್ಕೊಂಡ ಉಳಿದರೂ ಲೆಕ್ಕ ತಪ್ಪತೈತಿ.”

“ಹೌದಲ್ಲ, ಹಂಗ ಮಾಡೂನು!” ಎಂದರು ಕಸ್ತೂರಿ ಪಾಟೀಲರು.

ಮರುದಿನ ಹೊಲಿಗೆಮನೆಯ ಉದ್ದಕ್ಕೂ ಚಾಪೆ ಹಾಸಿದರು. ಕೊನೆಯ ಮೂಲೆಯಷ್ಟೇ ತೆರೆದಿದ್ದ ಕೌದಿಗಳನ್ನು ನಡುವೆ ಸಾಲಾಗಿ ಗಾಜಿನ ಪೆಟ್ಟಿಗೆಗಳಲ್ಲಿಟ್ಟರು. ಚೂರೂ ಒಳಗೆ ಬೀಳಬಾರದೆಂಬ ಇಂದುಧರರ ಹಟಕ್ಕಾಗಿ ಪೆಟ್ಟಿಗೆ. ಒಂದೊಂದರ ಮುಂದೆ ಒಂದೊಂದು ಎಲೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಮೊಸರು. ಸುತ್ತಲೂ ಇಳಿದಾಣದ ಅಷ್ಟೂ ಜನ ಕೂತು ಉಂಡರು. ಕೈ ತೊಳೆದು ಬಂದು ಹೆಂಗಸರು ಮೂಲೆ ಮುಚ್ಚಿದರು. ಫಲಕದ ಮೇಲೆ ಅಂಗೈಗಳನ್ನು ಊರಿದರು. ಸಾಲು ಮುಗಿಯುವ ತನಕ ದೀಪ ಹಸಿರು ಬಿಟ್ಟು ಬೇರೆ ಬಣ್ಣ ತೋರಿಸಲಿಲ್ಲ. ಗೊರವಂಕ ಹೋಗಿ, ಮರಳಿ, ನುಣುಪಾದ ಭುಜಗಳೊಂದಿಗೆ ಇಳಿಯಿತು.

ಊಟ ಹಾರಾಟದ ಒಂದು ಭಾಗವೇ ಆಗಿಹೋಯಿತು. ಅಡುಗೆ ಸರದಿಯ ಮೇಲೆ ನಡೆಯಿತು. ಒಮ್ಮೆ ಗಾಲಿಯವರು, ಒಮ್ಮೆ ಗಣಕದವರು. ಕ್ರಮೇಣ ಇಂದುಧರರು ಒಂದು ವಿಷಯ ಗಮನಿಸಿದರು. ಫಲಕದಲ್ಲಿ ಹಳದಿ ಬರುವುದು ಕಡಿಮೆಯಾಗುತ್ತ ಬಂದು, ಕೊನೆಗೆ ನಿಂತೇಹೋಗಿತ್ತು. ಯಂತ್ರ ಕೆಟ್ಟಿದೆಯೇನೋ ಎಂದು ಅವರು ಎರಡು ಸಲ ಬಿಚ್ಚಿ ನೋಡಿದರು. ಕೆಟ್ಟಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಜನ ಊಟದ ಪಂಕ್ತಿಯಲ್ಲೇ ಹೇಳಿ ಮುಗಿಸುತ್ತಿದ್ದರು. “ಆ ಬಲಗಾಲಿ ತಿರುಗುವಾಗ ಒಂದ ಸಣ್ಣ ದನಿ ಬರತೈತಿ, ಕೇಳೀಯೇನ?” ಎಂದು ರೊಟ್ಟಿ ಮುರಿಯುತ್ತ ಒಬ್ಬ ಕೇಳಿದರೆ, “ನನಗೂ ಅನಿಸಿತ್ತಪ, ನಡಿ ನೋಡೂನು” ಎಂದು ಇನ್ನೊಬ್ಬ ಎಲೆ ಬಿಟ್ಟು ಏಳುತ್ತಿದ್ದ. ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಬುಟ್ಟಿಯ ರೊಟ್ಟಿ ತಿನ್ನುವಾಗ ಮೇಲಿನವರು ಯಾರು, ಕೆಳಗಿನವರು ಯಾರು ಎಂಬುದು ಸ್ವಲ್ಪ ಹೊತ್ತು ಮರೆತುಹೋಗುತ್ತಿತ್ತು. ಎಂಟು ವರ್ಷ ದುಡಿದು ಮಾಡಿದ ಯಂತ್ರಕ್ಕೆ ಕೆಲಸವಿಲ್ಲದಂತಾಯಿತಲ್ಲ ಎಂದು ಇಂದುಧರರಿಗೆ ಎರಡು ದಿನ ಬೇಸರವಾಯಿತು. ಮೂರನೆಯ ದಿನ ಅವರು ಎರಡನೆಯ ಸಲ ಎಣ್ಣೆಗಾಯಿ ಬಡಿಸಿಕೊಂಡರು.

ಮನುಷ್ಯರನ್ನು ಹೊತ್ತು ಹೋಗುವ ಮೊದಲ ಹಾರಾಟ ಬಂತು. ಆ ಸಲದ ಅಡುಗೆ ತಮ್ಮದೇ ಎಂದು ಕಸ್ತೂರಿ ಪಾಟೀಲರು ಹಟ ಹಿಡಿದು, ಬೆಳಗಿನಿಂದ ಒಲೆಯ ಮುಂದೆ ನಿಂತು ಬೇಳೆಸಾರು ಮಾಡಿದರು. ಮೇಲೆ ಹೋಗಲಿದ್ದ ಇಬ್ಬರು ಗಗನಯಾತ್ರಿಗಳು ಕೌದಿಗಳ ಪಕ್ಕದಲ್ಲೇ ಕೂತಿದ್ದರು. ನಿರ್ದೇಶಕಿ ಸೆರಗು ಸಿಕ್ಕಿಸಿಕೊಂಡು ಪಂಕ್ತಿಯುದ್ದಕ್ಕೂ ತಾವೇ ಸಾರು ಬಡಿಸಿ, “ಹೆಂಗಾಗೇದ?” ಎಂದು ಕೇಳುತ್ತ ಬಂದರು. “ಚಲೋ ಆಗೈತ್ರಿ” ಎಂದರು ಗಾಲಿಯವರು. “ಭಾಳ ಚಲೋರಿ” ಎಂದರು ಕೊಳವೆಯವರು. ಇಂದುಧರರು ತುತ್ತು ನುಂಗಿ, “ಅದ್ಭುತ ಮೇಡಂ” ಎಂದರು. ಸಂಕವ್ವ ಕೂಡ ತಲೆ ಆಡಿಸಿ ಮೊಸರಿನ ಗಡಿಗೆಗೆ ಕೈ ಚಾಚಿದಳು.

ಪಂಕ್ತಿಯ ಕೊನೆಯಲ್ಲಿ ಕೂತಿದ್ದವಳು ನೀಲವ್ವ. ಅವಳು ಒಂದು ತುತ್ತು ತಿಂದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎಲ್ಲರ ಮುಖವೂ ಎಲೆಯ ಮೇಲಿತ್ತು. ಗಗನಯಾತ್ರಿಗಳಿಬ್ಬರೂ, ಪಾಪ, ಅದನ್ನೇ ನಗುತ್ತ ಉಣ್ಣುತ್ತಿದ್ದರು.

“ಮೇಡಂ” ಎಂದಳು.

ಎತ್ತಿದ ತುತ್ತುಗಳೆಲ್ಲ ನಿಂತವು. ಇಡೀ ಇಳಿದಾಣ ಅವಳತ್ತ ತಿರುಗಿತು. ಇಂದುಧರರು ಎಲೆಯಿಂದ ಅರ್ಧ ಎದ್ದೇಬಿಟ್ಟರು.

“ಸಾರಿಗೆ ಉಪ್ಪ ಹಾಕಿಲ್ರಿ ನೀವು.”

ಕಸ್ತೂರಿ ಪಾಟೀಲರು ಸೌಟಿನಿಂದ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿ ನೋಡಿದರು. ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಮುಖವನ್ನೂ ನೋಡುತ್ತ ಬಂದರು.

“ಎಲ್ಲಾರಿಗೂ ಗೊತ್ತಿತ್ತೇನು?”

ಸಂಕವ್ವ ಮೊಸರಿನ ಗಡಿಗೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

“ಉಪ್ಪು ತರ್ರಿ” ಎಂದರು ಕಸ್ತೂರಿ ಪಾಟೀಲರು. ಉಪ್ಪಿನ ಬಟ್ಟಲು ಬಂತು. ಅವರು ಅದನ್ನು ತೆಗೆದುಕೊಂಡು ನೇರವಾಗಿ ಪಂಕ್ತಿಯ ಕೊನೆಗೆ ನಡೆದು, ಮೊದಲು ನೀಲವ್ವನ ಎಲೆಗೆ ಬಡಿಸಿದರು.